ಗೋಧಿ ಬಿಯರಿನ ಪಂಚನಾಮೆ

ಗೋಧಿಯಿಂದ ಚಪಾತಿಯಾಗುತ್ತದೆ, ಹುಗ್ಗಿಯಾಗುತ್ತದೆ; ಬಿಯರ್ ಏಕಾಗಬಾರದು? ಮ್ಯಾಟ್ರಿಕ್ ಪಾಸಾದವನಿಗೆ ಇದೇನು ದೊಡ್ಡ ವಿದ್ಯೆ ಎಂದುಕೊಂಡೇ ನಾನು ಕೆಲಸ ಶುರುಮಾಡಿದೆ. ಆಗ ನಮ್ಮ ಬನಹಟ್ಟಿ ಮುಂಬಯಿ ರಾಜ್ಯದಲ್ಲಿತ್ತು. ರಾಜ್ಯದ ತುಂಬ ಪಾನನಿಷೇಧವಿತ್ತು. ಆದರೆ ನಾನು ಮಾಡಹೊರಟದ್ದು ಹೆಂಡವಲ್ಲ, ಕಿತ್ತಳೆಯ ವಾಸನೆಯ ಹಗುರವಾದ ಒಂದು ಪಾನಕ, ಸ್ವಲ್ಪ ನೊರೆ ಬರುವಂಥದು. ಹೀಗೆಂದು ಮನಸ್ಸಿಗೆ ಹೇಳಿದೆ. ಮನಸ್ಸು ಒಪ್ಪಿತು. ನನ್ನ ಮನಸ್ಸು ಯಾವಾಗಲೂ ಬೇಗ ಒಪ್ಪುತ್ತದೆ.

ಯುದ್ಧದ ಕಾಲದಲ್ಲಿ ಎರಡು ವರ್ಷ ಪುಣೆಯ ಮಿಲಿಟರಿ ಉಗ್ರಾಣದಲ್ಲಿ ಕಾರಕೂನನಾಗಿದ್ದೆ. ಅಲ್ಲಿ ಬೆಲ್ಜಿಯಂ ದೇಶದ ಮೆಕ್ಯಾನಿಕನೊಬ್ಬ ತಾನೇ ಮಾಡಿದ ಗೋಧಿಯ ಬಿಯರನ್ನು ಒಮ್ಮೆ ಅರ್ಧ ಗ್ಲಾಸು ಕೊಟ್ಟಿದ್ದ. ಮಾಡುವ ರೀತಿಯನ್ನೂ ಹೇಳಿದ್ದ. ಗೋಧಿಗೆ ಮೊಳಕೆ ಬರಿಸಿ ಒಣಗಿಸಬೇಕು, ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಸಿ ಸೋಸಬೇಕು, ಆ ನೀರನ್ನು ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಹಾಕಿ ಕುದಿಸಿ, ಆರಿದ ಮೇಲೆ ಬ್ರೆಡ್ಡಿಗೆ ಹಾಕುವ ಖಮೀರು ಬೆರೆಸಿ ಮುಚ್ಚಿಡಬೇಕು. ಕಹಿಗೆಂದು ಯಾವುದೋ ಹೂವಿನ ಹೆಸರು ಹೇಳಿದ್ದ, ಅದು ಮರೆತುಹೋಗಿತ್ತು. ನಾನು ಬೇವಿನ ಹೂವು ಹಾಕಿದೆ. ಹೂವು ಹೂವೇ ಅಲ್ಲವೇ?

ಗೋಧಿ ನೆನೆಹಾಕಿದ್ದು ಮೊದಲು ಹೆಂಡತಿ ಸರಸ್ವತಿಯ ಕಣ್ಣಿಗೆ ಬಿತ್ತು.

"ಇದೇನ್ರಿ?"

"ಕುರುಡಗಿಗೆ."

ಬೇಸಿಗೆ ಬಂದರೆ ನಮ್ಮ ಕಡೆ ಮನೆಮನೆಯಲ್ಲೂ ಗೋಧಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಹಾಲು ತೆಗೆದು ಕಾಯಿಸಿ ಕುರುಡಗಿ ಎಂಬ ಸಂಡಿಗೆ ಒತ್ತುತ್ತಾರೆ. ಆ ಮೂರು ದಿನದ ಹುಳಿ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ. ಇದಕ್ಕಿಂತ ಒಳ್ಳೆಯ ಮರೆ ಎಲ್ಲಿ ಸಿಗಬೇಕು?

"ಮದಿವ್ಯಾಗಿ ಹನ್ನೆರಡ ವರ್ಷಾತು, ಒಂದ ಚರಿಗಿ ನೀರ ತುಂಬಕೊಂಡಾವ್ರಲ್ಲ. ಈಗ ಕುರುಡಗಿ ಮಾಡ್ತೀರಿ?" ಎಂದಳು. ಆದರೂ ಆಕೆಗೆ ಖುಷಿಯಾಗಿತ್ತು. ಆ ಖುಷಿ ನೋಡಿ ನಾನು ತಲೆ ತಗ್ಗಿಸಬೇಕಿತ್ತು. ತಗ್ಗಿಸಲಿಲ್ಲ.

ಎರಡು ದಿನದ ಮೇಲೆ ಒದ್ದೆ ಬಟ್ಟೆ ಬಿಚ್ಚಿ ನೋಡಿ ಕೇಳಿದಳು: "ಅಲ್ರಿ, ಕುರುಡಗಿ ಗೋಧಿಗೆ ಮೊಳಕಿ ಯಾಕ? ಹಿಂಗ ಬಿಟ್ರ ಇದು ಕುರುಡಗಿ ಆಗೂದಿಲ್ಲ, ಹೊಲಾ ಆಕೈತಿ."

"ಪುಣೆ ಪದ್ಧತಿ" ಎಂದೆ.

ಕುದಿಸಿ ಮಡಕೆಗೆ ತುಂಬಿದ್ದು ಆಕೆ ತವರಿಗೆ ಹೋದ ದಿನ. ಮರಳಿ ಬಂದಾಗ, ಗೋಧಿ ಬೂಸ್ಟು ಹಿಡಿಯಿತು, ಚೆಲ್ಲಿದೆ ಎಂದೆ. ಇನ್ನು ಮಡಕೆ ಮನೆಯಲ್ಲಿರುವಂತಿರಲಿಲ್ಲ.

ಪಕ್ಕದ ಮನೆಯಲ್ಲಿ ಬೀರವ್ವ ಇದ್ದಳು. ಗಂಡ ತೀರಿಕೊಂಡು ಹತ್ತು ಕುರಿಗಳ ಮೇಲೆ ಸಂಸಾರ ನಡೆಸುವವಳು. ಒಬ್ಬಳೇ ಮಗಳು, ಆಕೆಯ ಮದುವೆಯ ಮಾತು ಹಿಪ್ಪರಗಿಯಲ್ಲಿ ನಡೆದಿತ್ತು, ಇನ್ನು ಹದಿನೈದು ದಿನಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಬೀರವ್ವನ ಮನೆಗೆ ಹೊಂದಿ ಕುರಿದೊಡ್ಡಿ. ಕುರಿಗಳ ವಾಸನೆಯ ಮುಂದೆ ಯಾವ ಬಿಯರು ತಲೆ ಎತ್ತೀತು? ಮಡಕೆ ಹೊತ್ತುಕೊಂಡು ಹೋದೆ.

"ಬೀರವ್ವಾ, ಮೊಣಕಾಲ ನೋವಿಗೆ ಔಷಧ ಮಾಡೇನಿ. ಹತ್ತ ದಿನ ನಿನ್ನ ದೊಡ್ಡ್ಯಾಗ ಇರ್ಲಿ. ಯಾರಿಗೂ ಹೇಳಬ್ಯಾಡ."

"ಹೇಳಿದ್ರ ಔಷಧ ತಾಗೂದಿಲ್ಲ, ಅಷ್ಟೂ ತಿಳಿಯೂದಿಲ್ಲೇನ್ರಿ ನನಗ?" ಎಂದಳು. ನಾಟಿ ಔಷಧದ ಬಗ್ಗೆ ನಮ್ಮಲ್ಲಿ ಎಲ್ಲರ ನಂಬಿಕೆಯೂ ಅದೇ. ನಾನು ಹಾಕಬೇಕಾಗಿದ್ದ ಬೀಗವನ್ನು ಆಕೆಯೇ ತನ್ನ ಬಾಯಿಗೆ ಹಾಕಿಕೊಂಡಳು.

ಒಂಬತ್ತನೆಯ ದಿನ ಆಕೆಯ ಟಗರು ಮಡಕೆಯ ಬಟ್ಟೆ ಕಿತ್ತು ಅರ್ಧ ಕುಡಿಯಿತು. ಬಳಿಕ ಓಣಿಗೆ ಬಂದು, ನಾಲ್ಕು ಕಾಲನ್ನು ನಾಲ್ಕು ದಿಕ್ಕಿಗೆ ಇಡುತ್ತ ನಡೆದು, ನೇಕಾರರು ಬೀದಿಯಲ್ಲಿ ಎಳೆದು ಕಟ್ಟಿದ್ದ ನೂಲಿನೊಳಗೆ ತಲೆ ತೂರಿಸಿ ಮಲಗಿಬಿಟ್ಟಿತು. ಜನ ಸೇರಿದರು. ಸೈಕಲ್ಲಿನ ಮೇಲೆ ಹೊರಟಿದ್ದ ಪೊಲೀಸ್ ಜಮಾದಾರರು ಇಳಿದು ಟಗರಿನ ಬಾಯಿ ಮೂಸಿದರು. ಅಲ್ಲಿಂದ ದೊಡ್ಡಿಗೆ ಹೋದರು. ಮಡಕೆ ಹೊರಗೆ ಬಂತು.

"ಪಂಚನಾಮೆ ಬರೀಬೇಕು. ಅಕ್ಷರ ಬಲ್ಲವ್ರ ಯಾರ ಅದಾರ?"

ಎಲ್ಲರೂ ನನ್ನ ಕಡೆ ಬೆರಳು ಮಾಡಿದರು. ಓಣಿಗೆ ನಾನೊಬ್ಬನೇ ಮ್ಯಾಟ್ರಿಕ್. ಕಾಗದ, ಪೆನ್ನು ಕೈಗೆ ಬಂದವು.

"ಯಾರದ ಬೇ ಇದು?" ಜಮಾದಾರರು ಬೀರವ್ವನನ್ನು ಕೇಳಿದರು.

"ಹೇಳಬಾರದ್ರಿ."

"ಯಾಕ?"

"ಹೇಳಿದ್ರ ಮೊಣಕಾಲ ನೆಟ್ಟಗಾಗೂದಿಲ್ರಿ."

"ಯಾರ ಮೊಣಕಾಲ?"

"ಅದನ್ನೂ ಹೇಳಬಾರದ್ರಿ."

ನಾನು ಮೆಲ್ಲಗೆ ಕಾಲು ನೆಟ್ಟಗೆ ಮಾಡಿಕೊಂಡೆ.

"ಹಂಗಾರ ನಡಿ ಜಮಖಂಡಿ ಕೋರ್ಟಿಗೆ" ಎಂದರು. ಹೆಂಡದ ಕೇಸಾದ ಮನೆಯ ಹುಡುಗಿಯನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ? ಬಾಗಿಲ ಹಿಂದೆ ಮಗಳು ಅಳುವುದು ಕೇಳಿಸುತ್ತಿತ್ತು. ಬೀರವ್ವ ಒಮ್ಮೆ ನನ್ನತ್ತ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಹೆದರಬ್ಯಾಡ್ರಿ, ನಾನು ಹೇಳೂದಿಲ್ಲ ಎನ್ನುವಂತೆ ಇತ್ತು.

'ಸದರಿ ಬೀರವ್ವ ಇವಳ ಕುರಿದೊಡ್ಡಿಯಲ್ಲಿ ಮಣ್ಣಿನ ಮಡಕೆ ಒಂದು, ಅದರೊಳಗೆ ಅರ್ಧದಷ್ಟು ದ್ರವ...' ಅವರು ಹೇಳಿದರು, ನಾನು ಬರೆದೆ. ಅಕ್ಷರಗಳು ದುಂಡಗೆ ಬಂದವು.

ಜಮಾದಾರರು ಮಡಕೆಯಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದರು. "ಬರೀರಿ. ಸದರಿ ದ್ರವವು ನಾರುವ, ಕೀಳು ದರ್ಜೆಯ ಹೆಂಡವಿರುತ್ತದೆ."

ನನ್ನ ಪೆನ್ನು ನಿಂತಿತು.

"ಯಾಕ ನಿಂತ್ರಿ?"

"ಕೀಳು ದರ್ಜೆ ಅಂತ ಹೆಂಗ ಬರೀಲ್ರಿ ಸಾಹೇಬ್ರ?"

"ಕುಡದ ನೋಡ್ರಿ. ಕಲಗಚ್ಚು. ಮಾಡಿದವ್ರಿಗೆ ತಲಿನ ಇಲ್ಲ."

"ಕಲಗಚ್ಚ ಅಲ್ರಿ ಇದು. ಕಿತ್ತಳಿ ಸಿಪ್ಪಿ ಐತಿ, ಕೊತ್ತಂಬರಿ ಬೀಜ ಐತಿ. ನಾಕ ದಿನ ಮೊಳಕಿ ಬರಸಿ, ನೆರಳಾಗ ಒಣಗಿಸಿ..."

ಟಗರಿನ ಗೊರಕೆ ಮಾತ್ರ ಕೇಳುತ್ತಿತ್ತು.

"ಅಯ್ಯ, ನನ್ನ ಕುರುಡಗಿ ಗೋಧಿ" ಎಂದಳು ಸರಸ್ವತಿ.

"ಮೊಳಕಿ ಬರಸಿದವ್ರ ಯಾರ?" ಜಮಾದಾರರು ಮೃದುವಾಗಿ ಕೇಳಿದರು.

"ನಾನ್ರೀ."

ಅದೇ ಕಾಗದದಲ್ಲಿ ಬೀರವ್ವನ ಹೆಸರು ಹೊಡೆದುಹಾಕಿ ನನ್ನ ಹೆಸರನ್ನು ನಾನೇ ಬರೆದೆ. ಜಮಖಂಡಿಯ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದೆ. 'ಕೀಳು ದರ್ಜೆಯ' ಎಂಬ ಮಾತು ಪಂಚನಾಮೆಯಲ್ಲಿ ಹಾಗೆಯೇ ಉಳಿಯಿತು.

ಓಣಿಯವರು ಮಾತ್ರ ಬೇರೆಯೇ ತಿಳಿದುಕೊಂಡರು. ಪರರ ಮನೆಯ ಹುಡುಗಿಗಾಗಿ ತನ್ನ ಕೊರಳು ಕೊಟ್ಟ ಮನುಷ್ಯ ಎಂದರು. ನಾನು ಬೇಡವೆನ್ನಲಿಲ್ಲ. ಸರಸ್ವತಿ ಒಬ್ಬಳೇ, ಊಟಕ್ಕೆ ಬಡಿಸುತ್ತ ಒಂದು ದಿನ ಕೇಳಿದಳು: "ಆಕೀನ್ನ ಒಯ್ತೀನಿ ಅಂದಾಗ ನಿಮಗ ಬಾಯಿ ಬರಲಿಲ್ಲ. ಕಲಗಚ್ಚ ಅಂದ ಕೂಡ್ಲೆ ಬಂತು. ಹೌದಲ್ರಿ?" ನಾನು ರೊಟ್ಟಿ ಮುರಿದೆ. ಆಕೆ ಮತ್ತೆ ಕೇಳಲಿಲ್ಲ.

ಬೀರವ್ವ ಈಗಿಲ್ಲ, ಸರಸ್ವತಿಯೂ ಇಲ್ಲ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ. ಇದಕ್ಕೂ ಮೊದಲು ಒಂದೇ ಒಂದು ಸಲ ಧೈರ್ಯ ಮಾಡಿದ್ದೆ, ಬೀರವ್ವನ ಮಗಳ ಮದುವೆಯಲ್ಲಿ. ಹಿರಿಯರಿಗೆ ಹಾಸಿದ ಕಂಬಳಿಯ ಮೇಲೆ ನನ್ನನ್ನು ಕೂಡಿಸಿ, ಬೀಗರಿಗೆಲ್ಲ ಕೇಳುವಂತೆ ಆಕೆ ಹೇಳಿದಳು: "ಇವ್ರ ಒಂದ ಮಾತಿನ್ಯಾಗ ನಮ್ಮ ಮನಿ ಉಳೀತು. ಸುಳ್ಳ ಅನ್ನೂದ ಗೊತ್ತಿಲ್ರಿ ಇವ್ರಿಗೆ." ಇನ್ನು ತಡೆಯಲಾಗಲಿಲ್ಲ. ನಿಜ ಹೇಳಿಯೇಬಿಡುತ್ತೇನೆಂದು ಎದ್ದು ನಿಂತೆ. ಮಾಲೆ ಹಾಕಿಸಿಕೊಳ್ಳಲು ಎದ್ದೆನೆಂದು ತಿಳಿದು ಯಾರೋ ಮಾಲೆ ತಂದು ಕೊರಳಿಗೆ ಹಾಕಿದರು.

ಹಾಕಿಸಿಕೊಂಡು ಕೂತೆ.