ಮೊಸರಿನ ಸೀನ್ ಎಲ್ಲಿ ಹೋಯ್ತು?

ಮಾರಿಕುಪ್ಪಂ ರೈಲಿನ ಹೆಂಗಸರ ಡಬ್ಬಿಯಲ್ಲಿ ದಿನಕ್ಕೊಂದು ನಗಿಸುವ ಸಂಗತಿ ನಡೆಯದಿದ್ದರೆ ಅವತ್ತು ರೈಲು ರದ್ದಾಗಿದೆ ಎಂದೇ ಅರ್ಥ. ಎಂಬತ್ತರ ದಶಕದಲ್ಲಿ ನಾನು ಉರಿಗಾಂನಿಂದ ಬಂಗಾರಪೇಟೆಯ ಒಂದು ನರ್ಸರಿ ಶಾಲೆಗೆ ಟೀಚರಾಗಿ ಓಡಾಡುತ್ತಿದ್ದೆ. ಓದಿದ್ದು ಇಂಗ್ಲಿಷ್ ಮೀಡಿಯಂ. ನಾಲ್ಕು ಜನರ ಮುಂದೆ ಬಾಯಿ ಬಿಡಬೇಕೆಂದರೆ ವಾಕ್ಯವನ್ನು ಮೊದಲು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಕಟ್ಟಿ, ಕನ್ನಡಕ್ಕೆ ತಿರುಗಿಸಿ, ತಪ್ಪೇನಾದರೂ ಇದೆಯೇ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ರೈಲು ಕೋರಮಂಡಲ ಸ್ಟೇಷನ್ ದಾಟಿರುತ್ತಿತ್ತು. ಸಿನಿಮಾದ ಬಗ್ಗೆ ನನಗೆ ಬೇಕಾದಷ್ಟು ಅಭಿಪ್ರಾಯಗಳಿದ್ದವು. ಅವು ಯಾರಿಗೂ ಗೊತ್ತಾಗದೇ ಇದ್ದದ್ದು ಹೀಗೆ.

ಮೂರು ಭಾಷೆಯ ‘ಆಮೇಲೆ’

ನಮ್ಮ ಡಬ್ಬಿಯಲ್ಲಿ ಸೋಮವಾರ ಎಂದರೆ ಸಿನಿಮಾ ಕತೆಯ ದಿನ. ಕತೆ ಹೇಳುತ್ತಿದ್ದವರು ಹಾಲಿನಮ್ಮ. ಬಂಗಾರಪೇಟೆ ಪಕ್ಕದ ಹಳ್ಳಿಯವರು, ಐವತ್ತರ ಆಸುಪಾಸು. ಬೆಳಗಿನ ರೈಲಿಗೆ ಕ್ಯಾನು ಹೊತ್ತು ಬಂದು ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಜೊತೆ ನಮ್ಮ ರೈಲಿಗೆ ವಾಪಸು ಹೊರಡುತ್ತಿದ್ದರು. ಭಾನುವಾರ ಮಾತ್ರ ಉರಿಗಾಂನಲ್ಲಿದ್ದ ತಂಗಿಯ ಮನೆಯಲ್ಲಿ ಮಧ್ಯಾಹ್ನದ ತನಕ ಉಳಿದು ಮ್ಯಾಟ್ನಿಗೆ ಹೋಗುತ್ತಿದ್ದರು.

ಕನ್ನಡವೋ ತಮಿಳೋ ತೆಲುಗೋ, ಟಾಕೀಸಿನಲ್ಲಿ ಯಾವುದು ಓಡುತ್ತಿದೆಯೋ ಅದು. ಹೇಳುವುದು ಮಾತ್ರ ಕನ್ನಡದಲ್ಲಿ. ಎದುರಿಗೆ ನಂದಿದುರ್ಗ ಲೈನಿನ ಆಯಾ ಕೂರುತ್ತಿದ್ದರು, ತಮಿಳಿನವರು, ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಅವರ ಪಕ್ಕ ತೆಲುಗಿನ ಹೂವಮ್ಮ. ಹಾಲಿನಮ್ಮ ಒಂದು ಸೀನ್ ಮುಗಿಸಿ ಉಸಿರೆಳೆದುಕೊಂಡರೆ ಆಯಾ ‘ಅಪ್ಪುರಂ?’ ಅನ್ನಬೇಕು, ಹೂವಮ್ಮ ‘ತರ್ವಾತ?’ ಅನ್ನಬೇಕು, ಉಳಿದವರು ‘ಆಮೇಲೆ?’ ಅನ್ನಬೇಕು. ಮೂರೂ ಬರುವ ತನಕ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಒಂದು ಸೋಮವಾರ ಹೊಸಬರೊಬ್ಬರು ಹತ್ತಿದರು. ಕೋರಮಂಡಲದಲ್ಲಿ ಇಳಿಯಬೇಕಾದವರು. ಕತೆಯಲ್ಲಿ ಹೀರೋನ ತಾಯಿ ಪ್ರಜ್ಞೆ ತಪ್ಪಿ ಬಿದ್ದಿದ್ದ ಹೊತ್ತು. ಕೋರಮಂಡಲ ಬಂತು, ಹೋಯಿತು, ಅವರು ಏಳಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು, ಈಗೇನು ಮಾಡ್ತೀರಿ ಎಂದು ನಾವೆಲ್ಲ ಗಾಬರಿಯಾದರೆ, ಅವರು ನೆಮ್ಮದಿಯಿಂದ ಬೆಂಚಿನ ಮೇಲೆ ಕೂತರು.

‘ಆ ತಾಯಿಗೆ ಎಚ್ಚರ ಆಯ್ತಲ್ಲ, ಬಿಡಿ. ನಾನು ಎಂಗೋ ವಾಪಸ್ ಓಯ್ತೀನಿ.’

ಇಂಟರ್ವಲ್ ಬೆಲ್ಲು

ನಮ್ಮಮ್ಮನಿಗೂ ಭಾನುವಾರದ ಮ್ಯಾಟ್ನಿ ಇಷ್ಟ, ಜೊತೆಗೆ ನಾನೂ ಹೋಗುತ್ತಿದ್ದೆ. ಒಂದು ಸಲ ಇಂಟರ್ವಲ್ ಬೆಲ್ಲು ಹೊಡೆದು ದೀಪ ಹತ್ತಿದಾಗ ಹೆಂಗಸರ ಬೆಂಚಿನಿಂದ ಯಾರೋ ದಡಕ್ಕನೆ ಎದ್ದು, ಕ್ಯಾನು ಕಂಕುಳಿಗೆ ಸಿಕ್ಕಿಸಿ, ಗೇಟಿನ ಕಡೆ ಓಡಿದರು. ನೋಡಿದರೆ ಹಾಲಿನಮ್ಮ. ಏನೋ ತುರ್ತಿರಬೇಕು ಅಂದುಕೊಂಡೆ. ಆದರೆ ಮಾರನೆಯ ದಿನ ರೈಲಿನಲ್ಲಿ ಅದೇ ಸಿನಿಮಾವನ್ನು ಹೆಸರು ಬೀಳುವುದರಿಂದ ‘ಶುಭಂ’ ತನಕ ಹೇಳಿದರು. ಅವರು ಹೇಳಿದ ಕೊನೆಗೂ ನಾನು ನೋಡಿದ ಕೊನೆಗೂ ಸಂಬಂಧವೇ ಇರಲಿಲ್ಲ.

ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ. ನಾಲ್ಕನೆಯ ಸಲ ಗೇಟಿನ ಹತ್ತಿರ ನಮ್ಮಿಬ್ಬರ ಕಣ್ಣು ಕೂಡಿತು. ಮರುದಿನ ಹಾಲಿನಮ್ಮ ಕಿಟಕಿ ಪಕ್ಕದ ತಮ್ಮ ಜಾಗದಿಂದ ಕ್ಯಾನು ಎತ್ತಿ, ‘ಕುಂತ್ಕೊ ಟೀಚರಮ್ಮ, ಗಾಳಿ ಬತ್ತದೆ’ ಅಂದರು. ಆ ಡಬ್ಬಿಯಲ್ಲಿ ಕಿಟಕಿ ಸೀಟು ಎಂದರೆ ಆಸ್ತಿ ಬರೆದುಕೊಟ್ಟ ಹಾಗೆ.

ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಅವರ ಹಸು ಬೇರೆ ಯಾರು ಕೈ ಹಾಕಿದರೂ ಒದೆಯುತ್ತದಂತೆ. ಸಂಜೆ ಕರೆಯುವ ಹೊತ್ತಿಗೆ ಮನೆ ಸೇರಬೇಕಾದರೆ ಇಂಟರ್ವಲ್‌ಗೆ ಎದ್ದು ಓಡಿದರೇ ರೈಲು ಸಿಗುವುದು. ಮದುವೆಯಾದಾಗಿನಿಂದ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿಲ್ಲವಂತೆ.

‘ಸಾಯೋದ್ರೊಳಗೆ ಒಂದು ಪಿಚ್ಚರಾದ್ರೂ ಪೂರ್ತಿ ನೋಡ್ಬೇಕು ಕಣಮ್ಮ’ ಅಂದರು. ಆಮೇಲೆ ಅತ್ತಿತ್ತ ನೋಡಿ, ‘ಅಲ್ಲೀಗಂಟ ಇವರ್ಗೆಲ್ಲ ಗೊತ್ತಾಗ್ಬಾರ್ದು. ನನ್ ಮಾತು ಕೇಳೋರು ಅಂದ್ರೆ ಈ ಡಬ್ಬೀಲಿರೋರೇ.’

ಹಾಗಾದರೆ ಉಳಿದರ್ಧ ಕತೆ ಎಲ್ಲಿಂದ ಬರುತ್ತದೆ ಎಂದು ಹೇಗೋ ಧೈರ್ಯ ಮಾಡಿ ಕೇಳಿದೆ.

‘ಆಲು ಕರೀತಾ ಕರೀತಾ ಮುಗಿಸ್ಬಿಡ್ತೀನಿ. ಅಳೋ ಪಿಚ್ಚರಾದ್ರೆ ಮಾತ್ರ ಕರೆಯೋದು ಸ್ವಲ್ಪ ತಡ ಆಯ್ತದೆ.’

ಬಿಳಿ ಪಂಚೆಯ ಒಳ್ಳೆಯ ಮನುಷ್ಯ

ಗುಟ್ಟು ತಿಳಿದ ಮೇಲೆ ಹಾಲಿನಮ್ಮನ ಅಭಿಪ್ರಾಯಗಳೆಲ್ಲ ನನಗೆ ಅರ್ಥವಾಗತೊಡಗಿದವು. ಇಂಟರ್ವಲ್ ತಡವಾಗಿ ಬಿಡುವ ಡೈರೆಕ್ಟರೇ ಅವರ ಲೆಕ್ಕದಲ್ಲಿ ಒಳ್ಳೆಯ ಡೈರೆಕ್ಟರು. ಹೀರೋಗಳ ಬಗ್ಗೆ ಅವರಿಗೆ ಅಷ್ಟೇನೂ ಗೌರವವಿರಲಿಲ್ಲ. ಅರ್ಧ ಸಿನಿಮಾ ನೋಡಿದವರಿಗೆ ಹೀರೋ ಎಂದರೆ ಕೆಲಸವಿಲ್ಲದೆ ಸುತ್ತುವ, ಹುಡುಗಿಯರ ಹಿಂದೆ ಹಾಡುವ, ಅಮ್ಮನ ಕೈಯಲ್ಲಿ ಬೈಸಿಕೊಳ್ಳುವ ಹುಡುಗ ತಾನೇ?

ಅವರಿಗೆ ಬಹಳ ಹಿಡಿಸಿದವನು ಯಾವಾಗಲೂ ಊರ ಯಜಮಾನನ ಪಾತ್ರ ಮಾಡುತ್ತಿದ್ದ ಒಬ್ಬ ನಟ. ಬಿಳಿ ಪಂಚೆ, ಹಣೆಗೆ ವಿಭೂತಿ, ಬಡವರ ಮದುವೆಗೆ ತಾಳಿ ಕೊಡುವವನು. ಇಂಟರ್ವಲ್ ಆದ ಮೇಲೆ ಅವನು ಏನೇನು ಮಾಡುತ್ತಾನೆ ಎಂಬುದು ಊರಿಗೆಲ್ಲ ಗೊತ್ತು, ಹಾಲಿನಮ್ಮನಿಗೊಬ್ಬರಿಗೆ ಗೊತ್ತಿಲ್ಲ. ‘ಅವನು ವಿಲನ್ ಅಲ್ವಾಮ್ಮ?’ ಎಂದು ಆಯಾ ಅನುಮಾನಪಟ್ಟರೆ, ಕೊನೆಯಲ್ಲಿ ಬುದ್ಧಿ ಬಂದು ಸರಿಹೋದ ಎಂದು ಹಾಲಿನಮ್ಮ ಸಮಾಧಾನ ಮಾಡುತ್ತಿದ್ದರು. ಅವರ ಕತೆಯಲ್ಲಿ ಎಲ್ಲರಿಗೂ ಕೊನೆಗೆ ಬುದ್ಧಿ ಬರುತ್ತಿತ್ತು.

ಒಂದು ಸೋಮವಾರ ಅವರ ತಂಗಿಯ ಮಗಳಿಗೆ ಗಂಡು ನೋಡುವ ಮಾತು ಬಂತು. ಎಂಥವನು ಬೇಕು ಎಂದು ಹೂವಮ್ಮ ಕೇಳಿದರು.

‘ಆ ಬಿಳೀ ಪಂಚೆಯೋನಂಥ ಗಂಡು ಸಿಕ್ಕಿದ್ರೆ ಕಣ್ಮುಚ್ಕೊಂಡು ಕೊಟ್ಬಿಡ್ತೀನಿ.’

ಅವನು ಒಂದೇ ಕೈಯಲ್ಲಿ ಮೂರು ಗುಡಿಸಲಿಗೆ ಬೆಂಕಿ ಇಟ್ಟದ್ದನ್ನು ನಾನು ಹಿಂದಿನ ಸಂಜೆ ತಾನೇ ನೋಡಿದ್ದೆ. ಕಿಟಕಿಯಿಂದ ಆಚೆ ನೋಡುತ್ತ ಗಾಳಿಗೆ ಮುಖ ಕೊಟ್ಟು ಕೂತೆ.

ಕ್ಯಾಂಟೀನಿನಲ್ಲೂ ಇಲ್ಲ

ಆಮೇಲೆ ಬಂತು ಆ ಲಾರಿ ಡ್ರೈವರನ ಸಿನಿಮಾ. ಡ್ರೈವರನಿಗೆ ಒಬ್ಬಳೇ ತಂಗಿ. ಅವಳಿಗೆ ಬಿಳಿ ಪಂಚೆಯವನ ಮನೆಯಲ್ಲಿ ಅಡುಗೆ ಕೆಲಸ. ಆ ಮನೆಯವರು ಅವಳ ಮೇಲೆ ಇಲ್ಲದ ಕಳ್ಳತನ ಹೊರಿಸುತ್ತಾರೆ, ಅವಳು ಹೊಳೆಗೆ ಹಾರುತ್ತಾಳೆ, ಅಣ್ಣ ಕೊಡಲಿ ಹಿಡಿದು ಗೇಟಿನ ಮುಂದೆ ನಿಲ್ಲುತ್ತಾನೆ. ಇಂಟರ್ವಲ್.

ಹಾಲಿನಮ್ಮನ ಪ್ರಕಾರ ತಂಗಿ ಸಾಯಲಿಲ್ಲ. ಹೊಳೆಯಾಚೆ ಒಬ್ಬ ಮುದುಕಿ ಅವಳನ್ನು ಕಾಪಾಡಿ, ಹಸು ಮೇಯಿಸಲು ಇಟ್ಟುಕೊಂಡಳು. ಒಂದು ವರ್ಷದ ಮೇಲೆ ತಂಗಿ ತಲೆಗೆ ಸೆರಗು ಹೊದ್ದು ಆ ಮನೆಯ ಬಾಗಿಲಿಗೇ ಮೊಸರು ಮಾರಲು ಬಂದಳು. ಊಟಕ್ಕೆ ಕೂತಿದ್ದ ಯಜಮಾನ ಒಂದು ತುತ್ತು ಬಾಯಿಗಿಟ್ಟ. ಕೈ ನಿಂತುಹೋಯಿತು. ಇಂಥ ಮೊಸರು ಹೆಪ್ಪು ಹಾಕುತ್ತಿದ್ದವಳು ಒಬ್ಬಳೇ ಎಂದು ತಟ್ಟೆಯ ಮುಂದೆಯೇ ಅತ್ತ. ಅವತ್ತು ಕೊಡಲಿ ತಂದಿದ್ದ ಅಣ್ಣ ಅದರಲ್ಲೇ ಸೌದೆ ಒಡೆದುಕೊಟ್ಟು ಊಟಕ್ಕೆ ಕೂತ.

ಆಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಕೂಡ ಪುಸ್ತಕವನ್ನು ಮುಖಕ್ಕೆ ಹತ್ತಿರ ಹಿಡಿದೆ.

ಸಾಮಾನ್ಯವಾಗಿ ಕತೆ ಕೇಳಿದ ಮೇಲೆ ನಮ್ಮ ಡಬ್ಬಿಯವರು ಸಿನಿಮಾ ನೋಡುತ್ತಿರಲಿಲ್ಲ. ಈ ಸಲ ಆ ಮೊಸರಿನ ಸೀನನ್ನು ಕಣ್ಣಾರೆ ನೋಡಲೇಬೇಕೆಂದು ಆಯಾ, ಹೂವಮ್ಮ, ಇನ್ನೂ ನಾಲ್ಕು ಜನ ರಜೆ ಹಾಕಿ ಹೋದರು. ಸಿನಿಮಾ ಮುಗಿಯಿತು. ಮೊಸರು ಬರಲೇ ಇಲ್ಲ. ಚಿಕ್ಕ ಊರಿನ ಟಾಕೀಸುಗಳಲ್ಲಿ ಬೇಗ ಮುಗಿಸಲು ರೀಲು ಕತ್ತರಿಸುತ್ತಾರೆ ಎಂಬ ಮಾತು ಆಗ ಎಲ್ಲೆಲ್ಲೂ ಇತ್ತು. ಆರು ಜನವೂ ಗೇಟಿನವನನ್ನು ಸುತ್ತುವರಿದು, ಮೊಸರಿನ ಸೀನ್ ಎಲ್ಲಿ ಹೋಯ್ತು ಎಂದು ಕೇಳಿದರಂತೆ.

ಗೇಟಿನವನು ಬಹಳ ಹೊತ್ತು ಯೋಚಿಸಿ ಹೇಳಿದನಂತೆ: ‘ಮೊಸರು ನಮ್ಮ ಕ್ಯಾಂಟೀನಲ್ಲೂ ಇಲ್ಲಮ್ಮ. ಬೋಂಡಾ ಇದೆ.’

ರೆಸ್ಪೆಕ್ಟೆಡ್ ಸರ್

ಹೀಗೆ ಬಿಟ್ಟರೆ ಆಗುವುದಿಲ್ಲ, ಟಾಕೀಸಿನ ಮ್ಯಾನೇಜರಿಗೆ ಅರ್ಜಿ ಕೊಡಬೇಕು, ಅದೂ ಇಂಗ್ಲಿಷಿನಲ್ಲಿ ಎಂದು ಡಬ್ಬಿಯಲ್ಲಿ ತೀರ್ಮಾನವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಹಾಲಿನಮ್ಮ ಮಾತ್ರ ಕ್ಯಾನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ನಾನು ಒಂದು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ವಾಕ್ಯ ಕಟ್ಟುತ್ತಿದ್ದೆ, ಕೋರಮಂಡಲ ದಾಟಿತು, ಆಯಾ ನನ್ನ ಕೈಗೆ ಪೆನ್ನು ಕೊಟ್ಟಾಗಿತ್ತು.

‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ, ಸದರಿ ಚಿತ್ರದಿಂದ ಮೊಸರಿಗೆ ಸಂಬಂಧಿಸಿದ ಮುಖ್ಯ ದೃಶ್ಯವೊಂದು ಕಾಣೆಯಾಗಿದ್ದು, ಅದನ್ನು ಕೂಡಲೇ ಪ್ರೇಕ್ಷಕರಿಗೆ ಹಿಂತಿರುಗಿಸಬೇಕೆಂದು ಬರೆದೆ. ನಾನು ಬರೆದುದರಲ್ಲೇ ಅದು ಅತ್ಯುತ್ತಮ ಇಂಗ್ಲಿಷ್. ಇಲ್ಲದ ವಸ್ತುವಿನ ಬಗ್ಗೆ ಬರೆಯುವಾಗ ವ್ಯಾಕರಣ ಬಲು ಚೆನ್ನಾಗಿ ಬರುತ್ತದೆ.

ನಾಲ್ಕು ದಿನಕ್ಕೆ ಮ್ಯಾನೇಜರೇ ಕಾಗದ ಹಿಡಿದು ಉರಿಗಾಂ ಸ್ಟೇಷನ್ನಿಗೆ ಬಂದರು. ಬಹಳ ಸಾಧು ಮನುಷ್ಯ, ಬೆವರುತ್ತಿದ್ದರು. ಒಂದಡಿಯೂ ಕತ್ತರಿಸಿಲ್ಲ, ಬರುವ ಭಾನುವಾರ ಬೆಳಿಗ್ಗೆ ಎಲ್ಲರೂ ಬನ್ನಿ, ಮೊದಲಿಂದ ಕೊನೆಯವರೆಗೆ ನಿಮಗಾಗಿಯೇ ಒಂದು ಶೋ ಹಾಕುತ್ತೇನೆ ಅಂದರು. ಆಮೇಲೆ ದನಿ ತಗ್ಗಿಸಿ, ಇದನ್ನು ಬರೆದ ವಕೀಲರು ಯಾರು ಎಂದು ಕೇಳಿದರು.

ಆಯಾ ನನ್ನನ್ನು ತೋರಿಸಿದರು. ಮ್ಯಾನೇಜರು ನನ್ನ ಟಿಫನ್ ಬಾಕ್ಸನ್ನೂ ಕೈಯಲ್ಲಿದ್ದ ಬಣ್ಣದ ಚಾರ್ಟನ್ನೂ ನೋಡಿ, ‘ಯಾವ ಕೋರ್ಟಲ್ಲಿ ಪ್ರಾಕ್ಟೀಸು ಮೇಡಂ?’ ಅಂದರು.

‘ಎಲ್‌ಕೆಜಿ’ ಎಂದಳು ಹೂವಮ್ಮನ ಪಕ್ಕದವಳು.

ಪೂರ್ತಿ ಪಿಚ್ಚರು

ಬೆಳಗಿನ ಶೋ ಆದ್ದರಿಂದ ಸಂಜೆ ಹಾಲು ಕರೆಯಲು ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಬೇರೆ. ಟಾಕೀಸಿನ ಬಾಗಿಲಲ್ಲಿ ಹಾಲಿನಮ್ಮ ನನ್ನ ಕೈ ಹಿಡಿದುಕೊಂಡರು.

‘ಇವತ್ತು ನನ್ ಮಾನ ಓಯ್ತದೆ ಟೀಚರಮ್ಮ’ ಅಂದರು. ವಾಪಸು ಹೋಗೋಣವಾ ಎಂದೆ. ತಲೆಯಾಡಿಸಿದರು. ‘ಬ್ಯಾಡ. ಓದ್ರೆ ಓಗ್ಲಿ. ಕೊನೆ ನೋಡ್ಬೇಕು.’

ಏಳೆಂಟು ಹೆಂಗಸರಿಗೆ ಇಡೀ ಟಾಕೀಸು. ಇಂಟರ್ವಲ್ ಬೆಲ್ಲು ಹೊಡೆದದ್ದೇ ತಡ, ಹಾಲಿನಮ್ಮ ಅಭ್ಯಾಸಬಲದಿಂದ ಎದ್ದು ಕ್ಯಾನು ಕಂಕುಳಿಗೇರಿಸಿ ಗೇಟಿನ ಕಡೆ ಹೊರಟೇಬಿಟ್ಟರು. ಆಯಾ ಸೆರಗು ಹಿಡಿದೆಳೆದು ಕೂರಿಸಿದರು.

ಆಮೇಲಿನದು ಹೇಳುವಂಥದ್ದೇನಿಲ್ಲ. ನಾಲ್ಕು ಹೊಡೆದಾಟ. ಖಾಲಿ ಡ್ರಮ್ಮುಗಳ ಗೋಡೌನಿನಲ್ಲಿ ಒಂದು ಡ್ಯಾನ್ಸು. ಜೀಪು ಬೆಂಕಿಯ ಮೇಲೆ ಹಾರಿತು, ಬಿಳಿ ಪಂಚೆಯವನು ಪ್ಯಾಂಟು ಹಾಕಿಕೊಂಡು ಬಂದೂಕು ಹಿಡಿದ, ಎಲ್ಲ ಮುಗಿದ ಮೇಲೆ ಪೊಲೀಸರು ಬಂದರು. ಹೊಳೆಗೆ ಹಾರಿದ ತಂಗಿ ಹೊಳೆಯಲ್ಲೇ ಉಳಿದಳು. ಹಾಲಿನಮ್ಮ ಕಣ್ಣು ಮಿಟುಕಿಸದೆ ನೋಡಿದರು.

ದೀಪ ಹತ್ತಿತು. ಮ್ಯಾನೇಜರು ಮುಂದೆ ಬಂದು, ಇಷ್ಟೇ ತಾಯಿ, ಬೇಕಾದರೆ ರೀಲು ಎಣಿಸಿಕೊಳ್ಳಿ ಅಂದರು. ಎಲ್ಲರೂ ಹಾಲಿನಮ್ಮನನ್ನು ನೋಡಿದರು. ಅವರು ಕ್ಯಾನನ್ನು ನೋಡಿದರು. ಮ್ಯಾನೇಜರು ನನ್ನ ಕಡೆ ತಿರುಗಿ, ‘ನೀವೇ ಹೇಳಿ ಮೇಡಂ, ಆ ಸೀನನ್ನ ನೀವು ಕಣ್ಣಾರೆ ನೋಡಿದ್ರಾ?’ ಎಂದು ಕೇಳಿದರು.

ಇಲ್ಲಿ ದಾಟಿಹೋಗಲು ಕೋರಮಂಡಲವೂ ಇರಲಿಲ್ಲ. ಎಲ್ಲರೂ ಕಾಯುತ್ತ ಕೂತರು. ಕಡೆಗೆ ನನ್ನ ಬಾಯಿಂದ ಬಂದದ್ದು ಅವರು ಕೇಳಿದ ಪ್ರಶ್ನೆಗೆ ಉತ್ತರವೇ ಅಲ್ಲ.

‘ನಂಗೆ ಹಾಲಿನಮ್ಮ ಹೇಳಿದ್ದೇ ಇಷ್ಟ ಆಯ್ತು.’

ಹಾಲಿನಮ್ಮ ಎದ್ದು ನಿಂತರು. ‘ಆ ಮೊಸರು ನಂದು ಕಣಪ್ಪ’ ಎಂದು ಮ್ಯಾನೇಜರಿಗೆ ಹೇಳಿದರು. ‘ನಾನು ಅರ್ಧಕ್ಕೇ ಎದ್ದೋಗೋಳು. ಮಿಕ್ಕಿದ್ದೆಲ್ಲ ನಾನೇ ಸೇರ್ಸಿದ್ದು. ಇವರ್ದೇನೂ ತಪ್ಪಿಲ್ಲ.’

ಇಷ್ಟು ವರ್ಷದ ಕೊನೆಗಳೆಲ್ಲ ಅವರವೇನಾ ಎಂದು ಆಯಾ ಮೆಲ್ಲಗೆ ಕೇಳಿದರು. ಹಾಲಿನಮ್ಮ ಹೂಂ ಎಂದು ತಲೆಯಾಡಿಸಿದರು. ಆಯಾ ಮ್ಯಾನೇಜರ ಕಡೆಗೇ ತಿರುಗಿಬಿದ್ದರು. ಒಬ್ಬ ಹೆಂಗಸು ಹಾಲು ಕರೆಯುತ್ತಲೇ ಇಷ್ಟು ಚೆನ್ನಾಗಿ ಮುಗಿಸುತ್ತಾಳೆ, ನಿಮ್ಮವರಿಗೆ ಅಷ್ಟು ಜನ ಇದ್ದೂ ಆಗಲಿಲ್ಲವಾ ಎಂದು. ಹೂವಮ್ಮ ತೆಲುಗಿನಲ್ಲಿ ಇನ್ನೂ ಏನೇನೋ ಸೇರಿಸಿದರು. ಮ್ಯಾನೇಜರು ನಾನೇನು ಮಾಡಲಿ, ರೀಲಿನ ಡಬ್ಬಿಯಲ್ಲಿ ಬಂದದ್ದನ್ನು ಹಾಕುವವನು ಎಂದು ಕೈ ಮುಗಿದರು.

ಸ್ಟೇಷನ್ನಿನ ದಾರಿಯಲ್ಲಿ ಹಾಲಿನಮ್ಮನೂ ನಾನೂ ಹಿಂದೆ ಉಳಿದೆವು. ಕೊನೆಗೂ ಒಂದು ಸಿನಿಮಾ ಪೂರ್ತಿ ನೋಡಿದ ಮನುಷ್ಯರ ಸಂತೋಷ ಅವರ ಮುಖದಲ್ಲಿ ಇರಬಹುದೇನೋ ಎಂದು ನೋಡಿದೆ, ಅಂಥದ್ದೇನೂ ಕಾಣಲಿಲ್ಲ.

‘ಇಂಟರ್ವಲ್ ಆದ್ಮೇಲೆ ಯಾವಾಗ್ಲೂ ಇಂಗೇನಾ?’ ಎಂದು ಕೇಳಿದರು.

ಹೆಚ್ಚು ಕಡಿಮೆ ಹೀಗೇ ಎಂದೆ.

‘ನೀನು ಪ್ರತಿ ವಾರ ಕೊನೇಗಂಟ ಕುಂತಿರ್ತೀಯಾ?’

ಹೌದು ಎಂದೆ. ಹಾಲಿನಮ್ಮ ನಿಂತರು. ಕ್ಯಾನನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿ, ನನ್ನ ಬೆನ್ನು ಸವರಿದರು.

‘ಅಯ್ಯೋ ಪಾಪ. ಎದ್ದೋಗಕ್ಕೆ ನಿಂಗೆ ಒಂದು ಅಸೂನೂ ಇಲ್ಲ.’