ನಾವು ಗರಡಿ ಉಳಿಸಿದ ಬಗೆ

ಇಂಗ್ಲಿಷು ಬಲ್ಲವನಿಗೆ ನಮ್ಮ ಕಂಪ್ಲಿಯಲ್ಲಿ ಸುಖವಿಲ್ಲ. ಯಾರದೋ ಎಮ್ಮೆ ದೊಡ್ಡಿಗೆ ಹೋದರೂ, ಯಾರದೋ ಅಳಿಯನಿಂದ ತಂತಿ ಬಂದರೂ ಮೊದಲು ನನ್ನ ಮನೆಯ ಬಾಗಿಲನ್ನೇ ತಟ್ಟುತ್ತಾರೆ. ತಂತಿಯಲ್ಲಿ ಸಾವಿನ ಸುದ್ದಿ ಇದ್ದರಂತೂ ಅದನ್ನು ಓದಿ ಹೇಳಿದ ತಪ್ಪಿಗೆ ಆ ಮನೆಯವರು ವರ್ಷಗಟ್ಟಲೆ ನನ್ನ ಮುಖ ನೋಡುವುದಿಲ್ಲ. ಶಾಲೆಯಲ್ಲಿ ಹುಡುಗರಿಗೆ ನಾನು ಕಲಿಸುವ ಇಂಗ್ಲಿಷು ಎಷ್ಟರ ಮಟ್ಟಿನದು ಎಂಬುದು ದೇವರಿಗೆ ಮತ್ತು ಇನ್‌ಸ್ಪೆಕ್ಟರಿಗೆ ಮಾತ್ರ ಗೊತ್ತು. ಪುಣ್ಯಕ್ಕೆ ಇಬ್ಬರೂ ಊರಿನವರ ಜೊತೆ ಮಾತಾಡುವುದಿಲ್ಲ. ಗರಡಿಮನೆಯನ್ನು ಉಳಿಸುವ ಭಾರ ನನ್ನಂಥ ನರಪೇತಲನ ತಲೆಗೆ ಬಂದದ್ದೂ ಹೀಗೆಯೇ.

ಗರಡಿ ನಮ್ಮ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಕೋಳಿ ಕೂಗುವ ಮೊದಲೇ ಅಲ್ಲಿ ಪೈಲ್ವಾನರು ಒಬ್ಬರನ್ನೊಬ್ಬರು ಎತ್ತಿ ಹಾಕುತ್ತಿದ್ದರು. ಇಲ್ಲಿ ನಮ್ಮ ಅಡುಗೆಮನೆಯ ನೆಲುವಿನ ಗಡಿಗೆಗಳು ನಡುಗುತ್ತಿದ್ದವು. "ಒಂದ್ ದಿನ ಗ್ವಾಡಿನ ಬೀಳತೈತಿ ನೋಡ್ರಿ" ಎಂದು ನನ್ನ ಹೆಂಡತಿ ಗೊಣಗುವಳು. ಆಕೆಯ ಸಿಟ್ಟು ಪೈಲ್ವಾನರ ಮೇಲೋ, ಅಥವಾ ಅವರನ್ನು ಕಂಡ ಕಣ್ಣಿನಿಂದಲೇ ನನ್ನನ್ನೂ ಕಾಣಬೇಕಾದ ತನ್ನ ಹಣೆಬರಹದ ಮೇಲೋ, ನಾನು ಕೇಳಲು ಹೋಗಿಲ್ಲ.

ಗರಡಿಯ ಜಾಗ ಸರಕಾರದ್ದು. ಕಟ್ಟಡ ಕಟ್ಟಿಸಿದವರು ಅಕ್ಕಿ ಗಿರಣಿಯ ಸಾಹುಕಾರ ಪಂಪಣ್ಣನ ತಂದೆ. ಆ ವರ್ಷದ ಸುಗ್ಗಿಯಲ್ಲಿ ಮೆಟ್ರಿ ಕಡೆಯಿಂದ ಭತ್ತ ಮಿತಿಮೀರಿ ಬಂದು ಗಿರಣಿಯಲ್ಲಿ ಚೀಲ ಇಡಲು ಸ್ಥಳ ಸಾಲದಾಯಿತು. ಪಂಪಣ್ಣನಿಗೆ ಇದ್ದಕ್ಕಿದ್ದಂತೆ ತಂದೆಯ ನೆನಪಾಗಿ, ಗರಡಿಯನ್ನು ಮುಚ್ಚಿ ಗೋದಾಮು ಮಾಡುವುದಾಗಿ ಹೇಳಿ ಕಳಿಸಿದ. ಅದೇ ಸಂಜೆ ಅಲ್ಲಿ ಕುಸ್ತಿ ಕಲಿಸುವ ವಸ್ತಾದ ಹುಲುಗಪ್ಪ ಶಿಷ್ಯರೊಡನೆ ನಮ್ಮ ಪಡಸಾಲೆಗೆ ಬಂದು ಕುಳಿತ. ನನ್ನ ಮನೆಯಲ್ಲಿ ನನಗೇ ನಿಲ್ಲಲು ಜಾಗ ಉಳಿಯಲಿಲ್ಲ.

"ಮಾಸ್ತರ, ಕಲೆಕ್ಟರ ದೊರಿ ಕಮಲಾಪುರದ ಬಂಗ್ಲೇದಾಗ ಇಳದಾನಂತ. ನೀವು ಬಂದು ಒಂದ್ ಮಾತು ಇಂಗ್ಲಿಷಿನ್ಯಾಗ ಹೇಳ್ರಿ" ಎಂದ.

"ಪಂಪಣ್ಣನ್ನ ಎದುರು ಹಾಕ್ಕೊಳ್ಳಾದು ಬ್ಯಾಡ ಹುಲುಗಪ್ಪ" ಎಂದೆ ನಾನು.

ಹೆಂಡತಿ ಒಳಗಿನಿಂದ ಬಂದಳು. "ಪ್ಲೇಗ್ ಬಂದಾಗ ನಿಮ್ಮವ್ವಗ ಹೆಗಲು ಕೊಟ್ಟೋರು ಯಾರ್ರೀ? ನಿಮ್ಮ ಪಂಪಣ್ಣನೇನು?"

ನಾನು ಗೂಟದ ಮೇಲಿನ ಕೋಟಿಗೆ ಕೈ ಹಾಕಿದೆ. ಪ್ಲೇಗಿನ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೋಗಿತ್ತು. ನನ್ನ ತಾಯಿ ಸತ್ತಾಗ, ಹೊಳೆ ದಾಟಿದ್ದ ಚಿಕ್ಕಪ್ಪಂದಿರು ಇತ್ತ ತಿರುಗಿಯೂ ನೋಡಲಿಲ್ಲ. ಹುಲುಗಪ್ಪ ಮತ್ತು ಅವನ ಶಿಷ್ಯರೇ ಬಂದು ಆಕೆಯನ್ನು ಎತ್ತಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಅವರಲ್ಲೊಬ್ಬ ಅದೇ ರೋಗದಿಂದ ಸತ್ತ. ಇದನ್ನು ಹಾಸ್ಯವಾಗಿ ಹೇಳುವ ಬಗೆ ನನಗೆ ಇನ್ನೂ ತಿಳಿದಿಲ್ಲ.

ಬಂಡಿ ಕಟ್ಟಿಕೊಂಡು ಹೊರಟೆವು. ದೊರೆಯ ಮುಂದೆ ಬರಿಮೈಯಲ್ಲಿ ನಿಲ್ಲಬಾರದೆಂದು ನಾನು ಎಲ್ಲರಿಗೂ ಎರವಲು ಅಂಗಿ ತೊಡಿಸಿದ್ದೆ. ಕಮಲಾಪುರ ಮುಟ್ಟುವಷ್ಟರಲ್ಲಿ ಅವು ಬೆನ್ನಿನಲ್ಲಿ ಹರಿದಿದ್ದವು. ದೊರೆ ಹಂಪಿಯ ಕಲ್ಲುಗಳನ್ನೆಲ್ಲ ಸುತ್ತಿ ಬಂದು ಆರಾಮ ಕುರ್ಚಿಯಲ್ಲಿ ಕಾಲು ಚಾಚಿದ್ದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತುಗಳು ಅವನ ನಾಯಿಯನ್ನು ಕಂಡೊಡನೆ ನನಗೆ ಮರೆತುಹೋದವು. ಹೇಗೋ ತೊದಲಿ ವಿಷಯ ತಿಳಿಸಿದೆ. ದೊರೆ ಆಕಳಿಸಿದ. ಆಗ ಹುಲುಗಪ್ಪ ಅಂಗಿ ಕಳಚಿ ಎಸೆದು, ತೊಡೆ ತಟ್ಟಿ, ತನಗಿಂತ ದಪ್ಪಗಿನ ಶಿಷ್ಯನೊಬ್ಬನನ್ನು ಹೂವಿನ ಬುಟ್ಟಿಯಂತೆ ತಲೆಯ ಮೇಲೆತ್ತಿ ಮೆಲ್ಲಗೆ ನೆಲಕ್ಕಿಳಿಸಿದ. ದೊರೆ ಎದ್ದು ನಿಂತು ಚಪ್ಪಾಳೆ ತಟ್ಟಿದ. ಇಂಥ ಸ್ಥಳವನ್ನು ಮುಚ್ಚಕೂಡದು, ತಾನೇ ಮುಂದೆ ನಿಂತು ಅದನ್ನು ಸುಧಾರಿಸುತ್ತೇನೆ ಎಂದ. "ಗರಡಿ ಉಳೀತು!" ಎಂದು ನಾನು ಕೂಗಿದೆ. ಬರುವಾಗ ನನ್ನ ಕೊರಳಲ್ಲಿ ಚೆಂಡುಹೂವಿನ ಹಾರ. ಶಿಷ್ಯರು ನನ್ನನ್ನು ಹೆಗಲ ಮೇಲೆ ಹೊತ್ತೇ ಊರು ಹೊಗಿಸಿದರು.

ಸುಧಾರಣೆ ಶುರುವಾಯಿತು. ದೊರೆಯ ಮನಸ್ಸು ತಿಳಿದ ಕೂಡಲೇ ಪಂಪಣ್ಣ ಗೋದಾಮಿನ ಮಾತು ನುಂಗಿಕೊಂಡು, ಗರಡಿಯ ಉದ್ಧಾರಕ್ಕೆಂದು ಸಿಮೆಂಟು ತರಿಸಿದ. ತುಪ್ಪ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ತಲೆಮಾರಿನಿಂದ ಹದ ಮಾಡಿದ್ದ ಕುಸ್ತಿಯ ಕೆಮ್ಮಣ್ಣನ್ನು ಅಗೆದು ಮೋರಿಯ ಪಕ್ಕಕ್ಕೆ ಸುರಿದರು. ನೆಲ ಗಟ್ಟಿಯಾಯಿತು, ನಡುವೆ ಬಲೆ ಬಂತು. ಪುಕ್ಕ ಸಿಕ್ಕಿಸಿದ ಬಿರಡೆಯೊಂದನ್ನು ಆ ಕಡೆಯಿಂದ ಈ ಕಡೆಗೆ ಹೊಡೆಯುವುದು ದೊರೆಗೆ ಪ್ರಿಯವಾದ ಆಟವಂತೆ. ಬಾಗಿಲ ಮೇಲೆ ಕ್ಲಬ್ಬಿನ ಹಲಗೆ ಏರಿತು. ಬೂಟಿಲ್ಲದವರು, ಸದಸ್ಯರಲ್ಲದವರು ಒಳಗೆ ಬರಕೂಡದು. ಪಂಪಣ್ಣ ಅಧ್ಯಕ್ಷ, ನಾನು ಗೌರವ ಕಾರ್ಯದರ್ಶಿ.

ಹುಲುಗಪ್ಪ ಹೊಸ್ತಿಲಾಚೆ ನಿಂತು ಒಳಗೆ ನೋಡಿದ. "ಸಾವ್ಕಾರ್ರ, ನಾವೆಲ್ಲಿ ಸಾಮು ಮಾಡಬೇಕ್ರಿ?"

"ಉಳಿಸ್ರಿ ಅಂದ್ರಿ, ಉಳಿಸೀವಿ. ಮತ್ತೇನು ಬೇಕಲೇ ನಿನಗ?" ಎಂದ ಪಂಪಣ್ಣ.

ಹುಲುಗಪ್ಪ ನನ್ನ ಕಡೆ ತಿರುಗಿದ. ನಾನು ಹಲಗೆಯ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದೆ. ಅವನು ಗರಡಿಯ ಬಾಗಿಲ ಪಕ್ಕದ ಗೋಡೆಯ ಮೇಲಿದ್ದ ಹನುಮಪ್ಪನ ಪಟವನ್ನು ಇಳಿಸಿಕೊಂಡು ನೇರವಾಗಿ ನಮ್ಮ ಮನೆಗೆ ಹೋಗಿ ನನ್ನ ಹೆಂಡತಿಯ ಕೈಗೆ ಕೊಟ್ಟನಂತೆ. "ಇದನ್ನ ನೀವ ಇಟ್ಕೋರಿ ಅವ್ವಾರ. ಹನುಮಪ್ಪಗೂ ಬೂಟಿಲ್ಲ" ಎಂದನಂತೆ. ಆ ದಿನ ಆಕೆ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ದೊರೆಗೆ ಬೇಗನೆ ವರ್ಗವಾಯಿತು. ಅವನಿಲ್ಲದ ಮೇಲೆ ಬಿರಡೆ ಹೊಡೆಯಲು ಯಾರಿಗೂ ಉಮೇದಿರಲಿಲ್ಲ. ಮುಂದಿನ ಸುಗ್ಗಿಗೆ ಬಲೆಯ ಆಚೆ ಭತ್ತದ ಚೀಲಗಳು ಬಂದವು. ಆಮೇಲೆ ಈಚೆಗೂ ಬಂದವು. ಶಿಷ್ಯರು ಚದುರಿ, ಕೆಲವರು ಸಂಡೂರಿನ ಗಣಿಗೆ ಅದಿರು ಹೊರಲು ಹೋದರು. ಹುಲುಗಪ್ಪ ಪಂಪಣ್ಣನ ಗಿರಣಿಯಲ್ಲೇ ಹಮಾಲನಾದ. ಅವನಂಥ ಹೆಗಲು ಬೇರೆಲ್ಲಿ ಸಿಕ್ಕೀತು? ಆದರೂ ಹಲಗೆಯನ್ನು ಯಾರೂ ಇಳಿಸಿಲ್ಲವಾದ್ದರಿಂದ ಕ್ಲಬ್ಬು ಇದೆ, ಕ್ಲಬ್ಬು ಇರುವುದರಿಂದ ನಾನು ಕಾರ್ಯದರ್ಶಿ, ಕಾರ್ಯದರ್ಶಿಯಾದ್ದರಿಂದ ಕೀಲಿ ನನ್ನ ಹತ್ತಿರ.

ದಿನಾ ಬೆಳಗ್ಗೆ ಹುಲುಗಪ್ಪ ಬಂದು "ಮಾಸ್ತರ, ಗರಡಿ ಕೀಲಿ ಕೊಡ್ರಿ" ಎನ್ನುತ್ತಾನೆ. ಚೀಲ ಹೊತ್ತು ಮುಗಿದ ಮೇಲೆ ಸಂಜೆ ತಂದು ಒಪ್ಪಿಸುತ್ತಾನೆ. ಮೊನ್ನೆ, "ದಿನಾ ನಿಮಗ್ಯಾಕ್ರಿ ತೊಂದ್ರಿ? ಕೀಲಿ ನನ್ನ ಹತ್ರನ ಇರಲಿ ಬಿಡ್ರಿ" ಎಂದ. ನ್ಯಾಯವಾದ ಮಾತು. ಕೊಟ್ಟುಬಿಡೋಣವೆಂದು ಕೈ ಚಾಚಿದವನು ಅರ್ಧಕ್ಕೇ ನಿಂತೆ.

"ಹಂಗ ಬರಂಗಿಲ್ಲ ಹುಲುಗಪ್ಪ. ಕೀಲಿ ಸದಸ್ಯರ ಹತ್ರನ ಇರಬೇಕಂತ ಕಾಯ್ದೆ ಐತಿ" ಎಂದೆ.

ಆ ಕಾಯ್ದೆಯನ್ನು ಬರೆದವನು ನಾನೇ. ಹುಲುಗಪ್ಪ "ಹೌದಲ್ರಿ, ನನಗ ಮರ್ತ ಹೋಗಿತ್ತು" ಎಂದು, ನನ್ನ ಮನಸ್ಸು ನೋಯಬಾರದೆಂಬಂತೆ ನಕ್ಕು, ಚೀಲ ಹೊರಲು ಹೋದ.