ಹೊಸ ಹಲ್ಲು ಬಂದ ಮನೆಗಳು

ಸಿಂಧನೂರಿನಲ್ಲಿ ನನ್ನ ಹಲ್ಲಿನ ದವಾಖಾನೆ. ವಾರಕ್ಕೊಮ್ಮೆ ಲಿಂಗಸುಗೂರಿಗೆ, ಇನ್ನೊಂದು ದಿನ ಮಸ್ಕಿಗೆ ಹೋಗಿ ಬರುತ್ತೇನೆ. ನೋವೆಂದು ಬಂದವರು ಅಳುತ್ತಾರೆ, ಹೋಗುತ್ತಾರೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಆದರೆ ಹಲ್ಲು ಚೆಂದ ಮಾಡಿಸಿಕೊಳ್ಳಲು ಬಂದವರ ಕೈಗೆ ಕೊನೆಗೆ ಕನ್ನಡಿ ಕೊಡುತ್ತೇನಲ್ಲ, ಆಗ ಏನಾಗುತ್ತದೆಂದು ಇಷ್ಟು ವರ್ಷವಾದರೂ ನನಗೆ ಮೊದಲೇ ಹೇಳಲು ಬಂದಿಲ್ಲ.

ಹಳೇ ಅಕ್ಕಿ

ಮುಕ್ಕುಂದದ ಕಡೆಯ ಭತ್ತದ ರೈತರೊಬ್ಬರು ಮುಂದಿನ ಮುರಿದ ಹಲ್ಲಿಗೆ ಕ್ಯಾಪ್ ಹಾಕಿಸಲು ಹೆಂಡತಿಯ ಜೊತೆ ಬಂದಿದ್ದರು. ಬಣ್ಣ ಹೊಂದಿಸಲು ನಮ್ಮಲ್ಲಿ ಮಾದರಿ ಹಲ್ಲುಗಳ ಸಾಲೊಂದು ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಬಿಳಿಯದನ್ನು ತೋರಿಸಿ, "ಇದ ಇರ್ಲಿ" ಎಂದರು. ಉಳಿದ ಹಲ್ಲಿಗೆ ಹೊಂದುವುದಿಲ್ಲವೆಂದರೆ ಕೇಳಲಿಲ್ಲ.

ಹೆಂಡತಿ ಸಾಲನ್ನು ಕೈಗೆ ತೆಗೆದುಕೊಂಡು ಇನ್ನೊಂದನ್ನು ಆರಿಸಿದರು. "ಇದು ಹಳೇ ಅಕ್ಕಿ ಬಣ್ಣ. ಇದನ್ನ ಹಾಕ್ರಿ. ಹಳೇ ಅಕ್ಕಿ ಚೀಲದಾಗ ಹೊಸಾದು ಬಿದ್ರ ಮಂದಿ ಕಲಬೆರಕಿ ಅಂತಾರ."

ಅದನ್ನೇ ಹಾಕಿದೆ. ರೈತರು ಕನ್ನಡಿಯಲ್ಲಿ ಹುಡುಕಿಯೇ ಹುಡುಕಿದರು. "ಯಾವುದ್ರಿ ಹೊಸಾದು? ಗೊತ್ತ ಆಗವಲ್ದು."

"ಗೊತ್ತಾಗಬಾರದಂತನ ರೊಕ್ಕ ಕೊಟ್ಟೇವಿ, ಏಳ್ರಿ" ಎಂದರು ಹೆಂಡತಿ.

ಸೀಟಿ

ಲಿಂಗಸುಗೂರಿನಲ್ಲಿ ಕುರಿ ಕಾಯುವ ಅಜ್ಜನೊಬ್ಬ. ಮುಂದಿನ ಎರಡು ಹಲ್ಲು ಇರಲಿಲ್ಲ. ಮೊಮ್ಮಗಳ ಮದುವೆ ಬಂತೆಂದು ಮನೆಯವರೇ ಕರೆತಂದು ಕೂಡಿಸಿದ್ದರು. ತೆಗೆದು ಹಾಕುವಂಥ ಹಲ್ಲು ಕೂಡಿಸಿ ಕನ್ನಡಿ ಕೊಟ್ಟೆ. ಅಜ್ಜ ಕೆನ್ನೆ ಮುಟ್ಟಿ ನೋಡಿಕೊಂಡು, "ಕನ್ನಡ್ಯಾಗ ನಮ್ಮಪ್ಪ ಬಂದಾನ" ಎಂದ, ಮೆಲ್ಲಗೆ.

ಮದುವೆ ಮುಗಿದ ಮೇಲೆ ಅಜ್ಜ ಮರಳಿ ಬಂದ. "ಹಲ್ಲು ಚಲೋ ಅದಾವಬೇ ಯವ್ವ. ಆದ್ರ ಸೀಟಿ ಬರವಲ್ದು. ಮದ್ಲ ಸೀಟಿ ಹೊಡದ್ರ ಕುರಿ ಹೊಳ್ಳಿ ಬರ್ತಿದ್ವು. ಈಗ ನಿಂತು ನನ್ನ ಮಾರಿ ನೋಡ್ತಾವ."

"ಕುರಿ ಕಾಯುವಾಗ ತೆಗೆದಿಡ್ರಿ, ಅಜ್ಜಾರ" ಎಂದೆ.

ಅಜ್ಜ ಯೋಚಿಸಿದ. "ಆಗ್ಲಿ. ಕುರಿಗಿ ಒಂದ್ ಮಾರಿ, ಬೀಗರಿಗಿ ಒಂದ್ ಮಾರಿ."

ಸೆರಗು

ಮಸ್ಕಿಯ ಸುತ್ತ ಕೆಲವು ಹಳ್ಳಿಗಳಲ್ಲಿ ಫ್ಲೋರೈಡ್ ಇರುವ ಬೋರ್ ನೀರು ಕುಡಿದು ಬೆಳೆದವರ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತವೆ. ಅಂಥ ಊರಿನ ಹೆಣ್ಣುಮಗಳು, ಈಗ ಕಚೇರಿಯಲ್ಲಿ ನೌಕರಿ. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಹಲ್ಲಿನ ಮೇಲೆ ತೆಳ್ಳಗೆ ಬಿಳಿ ಪದರ ಕೂಡಿಸಿ ಕನ್ನಡಿ ಕೊಟ್ಟೆ. ನಕ್ಕಳು. ಕೈ ಸೆರಗು ಹಿಡಿದು ಅರ್ಧಕ್ಕೆ ಎದ್ದು, ಅಲ್ಲೇ ನಿಂತಿತು.

ಹೊರಗಿದ್ದ ಗಂಡನನ್ನು ಕರೆದೆ. ಆತ ಬಾಗಿಲಲ್ಲೇ ನಿಂತುಬಿಟ್ಟ. "ಈಕಿ ಹಲ್ಲು ನಾ ಇವತ್ತ ಮದ್ಲ ಸಲ ನೋಡಿದ್ನ್ರಿ."

"ಜಗಳದಾಗ ನೋಡಿಲ್ಲೇನು?" ಎಂದಳು ಆಕೆ.

"ಆವಾಗ ಕಣ್ಣೆತ್ತಿ ನೋಡಾಕ ಧೈರ್ಯ ಎಲ್ಲಿತ್ತು?"

ಹೆಡ್ ಮಾಸ್ತರರು

ಸಿಂಧನೂರಿನಲ್ಲಿ ಮನೆ ಮಾಡಿಕೊಂಡು ದಿನಾ ಹಳ್ಳಿ ಶಾಲೆಗೆ ಹೋಗಿಬರುವ ಹೆಡ್ ಮಾಸ್ತರರು ಬಂದರು. ಅವರು ನಕ್ಕಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಸಿಟ್ಟಿನ ಮನುಷ್ಯರೆಂದೇ ಹೆಸರು. ಕುರ್ಚಿಯಲ್ಲಿ ಕೂತು ಹೇಳಿದರು: "ಸಣ್ಣಾಂವ ಇದ್ದಾಗ ಸಾಲ್ಯಾಗ ನನ್ನ ಹಲ್ಲು ನೋಡಿ ಎಲ್ಲಾರೂ ನಕ್ರು. ಅವತ್ತ ಬಾಯಿ ಮುಚ್ಚೀನ್ರಿ."

ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮುಂದಿನ ಹಲ್ಲುಗಳನ್ನು ಸರಿಮಾಡಿದೆ. ಕನ್ನಡಿ ಹಿಡಿದಾಗ ಮೊದಲು ತುಟಿಯ ಒಂದು ತುದಿ ಎದ್ದಿತು, ಆಮೇಲೆ ಇನ್ನೊಂದು. ಬೇರೆಯದೇ ಮುಖ. ಇದು ಇಷ್ಟು ದಿನ ಎಲ್ಲಿತ್ತು ಎಂದು ಬೆರಗಾಗಿ ನಿಂತೆ.

ಮರುದಿನ ಅವರು ಪ್ರಾರ್ಥನೆಗೆ ನಿಂತ ಮಕ್ಕಳನ್ನು ನೋಡಿ ನಕ್ಕರಂತೆ. ಹಾಡು ನಡುವೆಯೇ ನಿಂತಿತು. ಸಹಶಿಕ್ಷಕರು ಓಡಿಬಂದು, "ಸರ್, ಆರಾಮ ಅದೀರೇನ್ರಿ?" ಎಂದು ಕುರ್ಚಿ ಹಾಕಿದರು. ಜವಾನ ನೀರು ತಂದ. ಅವರ ಗಾಬರಿ ನೋಡಿ ಇವರು ಇನ್ನಷ್ಟು ನಕ್ಕರು. ಎಲ್ಲರೂ ಸೇರಿ ಆಟೋ ಹತ್ತಿಸಿ ಮನೆಗೆ ಕಳಿಸಿದರು.

ಮಧ್ಯಾಹ್ನ ಅವರ ಹೆಂಡತಿಯ ಫೋನ್ ಬಂತು.

"ಮೇಡಮ್ರಿ, ಹಲ್ಲು ಚೆಂದ ಅದಾವ, ಅದಕ್ಕೇನೂ ಅನ್ನಾಂಗಿಲ್ಲ. ಆದ್ರ ನಿನ್ನೆ ಕೊಟ್ಟ ಇಂಜೆಕ್ಷನ್ ಯಾವಾಗ ಇಳೀತೈತ್ರಿ? ಮನಿಗೆ ಬಂದಾಗಿಂದ ನನ್ನ ನೋಡಿ ನಗಾಕತ್ತಾರ."